ಮರದ ಪೆಟ್ಟಿಗೆ ಕೊಳೆಯುವುದು ತಳದಿಂದ

ಪ್ರಶ್ನೆ: ಸೊಪ್ಪು ಮತ್ತು ಮೆಣಸಿನ ಗಿಡ ಬೆಳೆಸಲೆಂದು ನಮ್ಮದೇ ತೋಟದ ಸಿಲ್ವರ್ ಓಕ್ ಹಲಗೆಗಳಿಂದ ಎರಡು ಪೆಟ್ಟಿಗೆ ಮಾಡಿಸಿ ಅಂಗಳದಲ್ಲಿ ಇಟ್ಟಿದ್ದೆವು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತಳ ಕಳಚಿ ಬಿತ್ತು. ತಪ್ಪು ಮರದ್ದೋ, ಕೆಲಸದ್ದೋ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಎರಡರದ್ದೂ ಇದೆ, ಆದರೆ ಹೆಚ್ಚಿನ ಪಾಲು ಕೆಲಸದ್ದು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕಾಫಿಗೆ ನೆರಳಾಗಿ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮ ತೋಟಗಳಿಗೆ ಒಗ್ಗಿಕೊಂಡಿದೆಯಾದರೂ, ಅದರ ಹಲಗೆ ಹಸಿ ಮಣ್ಣಿಗೂ ಗೆದ್ದಲಿಗೂ ತಡೆಯುವುದಿಲ್ಲ. ಹಲಸು ಸಿಕ್ಕರೆ ಅದನ್ನೇ ಬಳಸಿ. ಹಳೆಯ ಮನೆ ಕೆಡವಿದ ಕಡೆ ತೇಗದ ಜಂತಿಗಳು ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ಮರವಾದರೂ ಚೇಗಿನ, ಅಂದರೆ ನಡುವಿನ ಗಟ್ಟಿ ತಿರುಳಿನ, ಭಾಗವನ್ನಷ್ಟೇ ಆರಿಸಿ. ಹೊರಸುತ್ತಿನ ಬಿಳಿ ಭಾಗ ತೇಗದ್ದಾದರೂ ಬೇಗ ಹುಳು ಹಿಡಿಯುತ್ತದೆ.

ಇನ್ನು ಕೆಲಸದ ಮಾತು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ ಸುಮಾರು ಶೇ. 20ಕ್ಕಿಂತ ಹೆಚ್ಚು ತೇವ ಬೇಕು. ಮೇಲಿಂದ ಸುರಿದ ಮಳೆ ಒಂದು ದಿನ ಬಿಸಿಲು ಬಿದ್ದರೆ ಆರುತ್ತದೆ, ಆದರೆ ನೆಲಕ್ಕೆ ಅಂಟಿ ಕುಳಿತ ತಳ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆಯೂ ಆರುವುದಿಲ್ಲ. ನಾನೇ ಮೊದಲು ಮಾಡಿದ ಪೆಟ್ಟಿಗೆಯನ್ನು ಮಳೆಗಾಲ ಕಳೆದ ಮೇಲೆ ಮಗುಚಿ ನೋಡಿದಾಗ ಪಕ್ಕದ ಹಲಗೆಗಳು ಗಟ್ಟಿಯಾಗಿಯೇ ಇದ್ದವು. ತಳಕ್ಕೆ ಉಳಿ ಒತ್ತಿದರೆ ಮಾತ್ರ ಬೆಂದ ಗೆಣಸಿನೊಳಗೆ ಹೋದಂತೆ ಸಲೀಸಾಗಿ ಇಳಿಯಿತು. ಆದ್ದರಿಂದ ಪೆಟ್ಟಿಗೆಗೆ ಕಾಲು ಕೊಡಿಸಿ, ನೆಲದಿಂದ ಎರಡು ಇಂಚಾದರೂ ಎತ್ತರಿಸಿ, ಕಾಲುಗಳ ಕೆಳಗೆ ಕಲ್ಲಿನ ಚೂರು ಇಡಿ. ತಳದ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸದೆ ನಡುವೆ ಕಾಲು ಇಂಚು ಸಂದು ಬಿಡಿಸಿ. ಮರ ನೆನೆದಾಗ ಅಗಲಕ್ಕೆ ಹಿಗ್ಗುತ್ತದೆಯಾದ್ದರಿಂದ, ಸಂದಿಲ್ಲದಿದ್ದರೆ ಒಂದನ್ನೊಂದು ತಳ್ಳಿ ಮೊಳೆಯನ್ನೇ ಕಿತ್ತುಬಿಡುತ್ತವೆ. ಮೊಳೆಯ ಬದಲು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಪೆಟ್ಟಿಗೆ ಮೂರು ಅಡಿಗಿಂತ ಉದ್ದವಿದ್ದರೆ ನೆನೆದ ಮಣ್ಣು ಪಕ್ಕದ ಹಲಗೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ. ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಸಾಕು.

ಹಲಗೆಗಳ ಕೊಯ್ದ ತುದಿಗಳನ್ನು ಯಾರೂ ಗಮನಿಸುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಮರ ಅತಿ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ಜೋಡಿಸುವ ಮೊದಲೇ ಆ ತುದಿಗಳಿಗೆ ಎರಡು ಮೂರು ಸಲ ಅಗಸೆ ಎಣ್ಣೆ ಹಚ್ಚಿ, ಪೂರ್ತಿ ಆರಲು ಬಿಡಿ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ, ನೀವು ಬೆಳೆಯುವುದು ಮನೆಯವರು ತಿನ್ನುವ ಸೊಪ್ಪು.

ತಳಕ್ಕೆ ಜಲ್ಲಿ ಸುರಿಯುವ ರೂಢಿಯನ್ನೂ ಬಿಡಿ. ನೀರು ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯದೆ ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಂತು ಬೇರನ್ನು ಕೊಳೆಸುತ್ತದೆ. ಸಂದುಗಳಿಂದ ಮಣ್ಣು ಜಾರದಂತೆ ತೆಂಗಿನ ನಾರು ಹಾಸಿದರೆ ಸಾಕು.

ಪ್ರಶ್ನೆ: ತಾರಸಿಯ ಮೇಲೆ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಹತ್ತು ಮರದ ಪೆಟ್ಟಿಗೆ ಇಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅಂಥ ಒಂದು ಪೆಟ್ಟಿಗೆ ಸುಮಾರು 85 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿದರೆ, ನೆನೆದಾಗ ಅದರ ತೂಕ 130 ಕಿಲೋ ದಾಟುತ್ತದೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಒಂದು ಪೆಟ್ಟಿಗೆ ಕೂರುವ ಜಾಗ ಚದರ ಮೀಟರಿನ ಕಾಲು ಭಾಗಕ್ಕಿಂತ ತುಸು ಹೆಚ್ಚಷ್ಟೇ, ಹಾಗಾಗಿ ಅಷ್ಟು ಜಾಗದ ಮೇಲೆ ಬೀಳುವ ಹೊರೆ ಈ ಲೆಕ್ಕದ ಸುಮಾರು ಮೂರು ಪಟ್ಟಾಗುತ್ತದೆ. ಆದ್ದರಿಂದ ಪೆಟ್ಟಿಗೆಗಳನ್ನು ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿ ಬಿಡಿಬಿಡಿಯಾಗಿ ಇಡಿ. ಮಣ್ಣನ್ನು ಮೂರನೆಯ ಒಂದು ಪಾಲಿಗೆ ಇಳಿಸಿ, ಉಳಿದದ್ದಕ್ಕೆ ತೆಂಗಿನ ನಾರಿನ ಪುಡಿಯನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸಮನಾಗಿ ಬೆರೆಸಿ. ತೂಕ ಗಣನೀಯವಾಗಿ ಇಳಿಯುತ್ತದೆ. ಮನೆ ಹಳೆಯದಾಗಿದ್ದರೆ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ, ಆಮೇಲೆ ಬಡಗಿಯನ್ನು ಕರೆಯಿರಿ.