ಕಿವಿಗಾಗಿ ಕಟ್ಟಿದ ಮಂದಿರ

ಸಂಪಾದಕರ ಉತ್ತರ

ಪ್ರಾಗ್ ನಗರಕ್ಕೆ ಹೋಗಿ ಬಂದ ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಇದು: “ಮಗಳು ಅಲ್ಲಿನ ಚೆಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಚರ್ಚಿನ ಸುಧಾರಣೆಗಾಗಿ ದನಿಯೆತ್ತಿದ ಪಾದ್ರಿ ಯಾನ್ ಹುಸ್ ಬೋಧಿಸಿದ ಬೆತ್ಲೆಹೆಮ್ ಚಾಪೆಲ್ ನೋಡಲೇಬೇಕೆಂದು ಟಿಕೆಟ್ ಕೊಂಡು ಒಳಗೆ ಹೋದೆವು. ಬರಿಯ ದೊಡ್ಡ ಹಜಾರ. ಅದೂ 1950ರ ದಶಕದಲ್ಲಿ ಕಟ್ಟಿದ್ದಂತೆ! ಹತ್ತೇ ನಿಮಿಷಕ್ಕೆ ಹೊರಬಂದೆವು. ಹೊಸದನ್ನು ಹಳೆಯದೆಂದು ತೋರಿಸುವುದು ಸರಿಯೇ? ಅದಕ್ಕಿಂತ ಹುಸ್ ಅವರನ್ನು ಸುಟ್ಟ ಚೌಕದಲ್ಲಿರುವ ಪ್ರತಿಮೆಯೇ ವಾಸಿ.”

ಮಾನ್ಯರೇ,

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮೊದಲು ಒಂದು ತಿದ್ದುಪಡಿ. ಹುಸ್ ಅವರನ್ನು ಸುಟ್ಟದ್ದು ಪ್ರಾಗ್‌ನಲ್ಲಿ ಅಲ್ಲ, ಇಂದಿನ ಜರ್ಮನಿಯ ಕಾನ್‌ಸ್ಟನ್ಸ್ ಪಟ್ಟಣದಲ್ಲಿ, 1415ರ ಜುಲೈ 6ರಂದು. ನೀವು ನೋಡಿದ ಪ್ರತಿಮೆ ಆ ಘಟನೆಗೆ 500 ವರ್ಷ ತುಂಬಿದಾಗ ನಿಲ್ಲಿಸಿದ್ದು. ಆ ಚೌಕದಲ್ಲಿಯೂ ರಕ್ತ ಹರಿದಿದೆ: 1621ರಲ್ಲಿ ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧದ ಬಂಡಾಯದ 27 ಮುಂದಾಳುಗಳಿಗೆ ಮರಣದಂಡನೆಯಾದದ್ದು ಅಲ್ಲಿಯೇ. ಎರಡೂ ಕಥೆಗಳು ಕಲೆತುಹೋಗುವುದು ಸಹಜ.

ಇನ್ನು ಚಾಪೆಲ್ ವಿಷಯ. ಅದು ಬರಿಯ ಹಜಾರದಂತೆ ಕಂಡಿತು ಎಂದಿರಿ. ಕಟ್ಟಿದವರ ಉದ್ದೇಶವೂ ಅದೇ ಆಗಿತ್ತು. 1391ರಲ್ಲಿ ಹನುಶ್ ಎಂಬ ಆಸ್ಥಾನಿಕರೂ ಕ್ರ್ಷೀಷ್ ಎಂಬ ವ್ಯಾಪಾರಿಯೂ ಸೇರಿ ಅದನ್ನು ಸ್ಥಾಪಿಸಿದಾಗ ಮುಖ್ಯವಾಗಿ ಬೇಕಾಗಿದ್ದದ್ದು ಜನ ತಮ್ಮ ಭಾಷೆಯಲ್ಲಿ ಬೋಧನೆ ಕೇಳುವ ಜಾಗ. ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲ ಅದು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಎರಡೆರಡು ಸಲ ಚೆಕ್ ಭಾಷೆಯಲ್ಲಿಯೇ ಬೋಧಿಸಬೇಕು ಎಂದು ಸ್ಥಾಪನಾ ಪತ್ರದಲ್ಲಿಯೇ ಬರೆದಿಟ್ಟರು. ಬೆತ್ಲೆಹೆಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಹಸಿದವರಿಗೆ ಮಾತಿನ ರೊಟ್ಟಿ ಬಡಿಸುವ ಮನೆ ಎಂದೇ ಆ ಹೆಸರು. ಹೆಸರಿಗಷ್ಟೇ ಚಾಪೆಲ್, ಅಂದರೆ ಚಿಕ್ಕ ಪ್ರಾರ್ಥನಾ ಮಂದಿರ; ಸುಮಾರು 3,000 ಜನ ನಿಂತು ಕೇಳುವಷ್ಟು ಜಾಗವಿತ್ತು. ಅಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣು ದಣಿದದ್ದರಲ್ಲಿ ನಿಮ್ಮ ತಪ್ಪಿಲ್ಲ.

1402ರಿಂದ ಹತ್ತು ವರ್ಷ ಹುಸ್ ಇಲ್ಲಿ ಬೋಧಿಸಿದರು. ವಿಶ್ವವಿದ್ಯಾಲಯದ ಪಂಡಿತರಾಗಿದ್ದೂ ಸಂತೆಯವರಿಗೆ ತಿಳಿಯುವ ಮಾತಿನಲ್ಲಿ ಪಾದ್ರಿಗಳ ದುರಾಸೆಯನ್ನು ಬಯಲಿಗೆಳೆದರು. 1412ರಲ್ಲಿ ಪಾಪವಿಮೋಚನೆಯ ಪತ್ರಗಳ ಮಾರಾಟ ಶುರುವಾಯಿತು. ಚರ್ಚುಗಳಲ್ಲಿ ಎದ್ದು ನಿಂತು ಅದು ಮೋಸವೆಂದು ಕೂಗಿದ ಮೂವರು ಯುವಕರ ತಲೆ ಕಡಿದರು. ಮಾರ್ಟಿನ್, ಯಾನ್, ಸ್ತಾಶೆಕ್. ಜನ ಆ ಮೂರು ದೇಹಗಳನ್ನು ಹೊತ್ತು ತಂದದ್ದು ಇದೇ ಚಾಪೆಲ್‌ಗೆ. ಮಣ್ಣು ಮಾಡಿದ್ದೂ ಇಲ್ಲಿಯೇ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದವರು ಅವರೇ. ಹುಸ್ ಅವರ ಹೆಸರು ಜಗತ್ತಿಗೆ ಗೊತ್ತು. ಈ ಮೂವರ ಹೆಸರನ್ನು ಹೇಳುವವರು ಕಡಿಮೆ.

ಹಾಗಾದರೆ ಅದು ಹೊಸದೇ? ಹೌದು, ಬಹುಪಾಲು ಹೊಸದು. 1661ರಲ್ಲಿ ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಕೈಸೇರಿದ ಕಟ್ಟಡವನ್ನು 1786ರಲ್ಲಿ ಕೆಡವಲಾಯಿತು. ಮುಂದೆ ಆ ಜಾಗದಲ್ಲಿ ವಾಸದ ಮನೆ ಎದ್ದಿತು. ಆದರೆ ಅಕ್ಕಪಕ್ಕದ ಮನೆಗಳು ಹಳೆಯ ಗೋಡೆಗಳನ್ನೇ ತಮ್ಮ ಗೋಡೆಗಳಾಗಿ ಇಟ್ಟುಕೊಂಡಿದ್ದವು. ಆ ಉಳಿಕೆಗಳನ್ನೂ ಹಳೆಯ ಚಿತ್ರಗಳನ್ನೂ ಆಧಾರವಾಗಿಟ್ಟುಕೊಂಡು ವಾಸ್ತುಶಿಲ್ಪಿ ಯಾರೊಸ್ಲಾವ್ ಫ್ರಾಗ್ನರ್ ಅದನ್ನು ಮತ್ತೆ ಕಟ್ಟಿದರು. 1954ರಲ್ಲಿ ಬಾಗಿಲು ತೆರೆಯಿತು. ಹಣ ಕೊಟ್ಟದ್ದು ಕಮ್ಯುನಿಸ್ಟ್ ಸರ್ಕಾರ. ದೇವರನ್ನು ಒಪ್ಪದವರಿಗೆ ಹುಸ್ ಜನಕ್ರಾಂತಿಯ ಮುಂಗೋಳಿಯಾಗಿ ಕಂಡರು. ಈ ಮಾತು ನನಗೂ ಕಸಿವಿಸಿ ಉಂಟುಮಾಡುತ್ತದೆ. ದೇವರ ಮಾತಿಗಾಗಿ ಪ್ರಾಣ ಕೊಟ್ಟವರನ್ನು ಅವರ ನಂಬಿಕೆಯಿಂದ ಬಿಡಿಸಿ ನಿಲ್ಲಿಸುವುದು ಅನ್ಯಾಯ. ಆದರೂ ಕಟ್ಟಿದ ಕೆಲಸವನ್ನು ನಾನು ಮೋಸ ಎನ್ನಲಾರೆ. ಕೆಡವಿದ್ದನ್ನೂ ಕಟ್ಟಿದ್ದನ್ನೂ ಅಲ್ಲಿ ಯಾರೂ ಮುಚ್ಚಿಟ್ಟಿಲ್ಲ, ನಿಮಗೂ ಹೇಳಿದರಲ್ಲ.

ನೀವು ನೋಡದೆ ಬಂದದ್ದು ಎರಡು ಇರಬಹುದು. ಒಂದು, ಒಳಗಿರುವ ಬಾವಿ. ಪ್ರಾರ್ಥನೆಯ ಜಾಗದೊಳಗೆ ನೀರು ಸೇದುವ ಬಾವಿ! ನಾನು ಅದರ ಬಳಿ ಬಹಳ ಹೊತ್ತು ನಿಂತಿದ್ದೆ. ಬೀದಿಯ ಜನರ ಬದುಕಿಗೆ ಆ ಚಾಪೆಲ್ ಎಷ್ಟು ಹತ್ತಿರವಿತ್ತು ಎಂಬುದು ಅಲ್ಲಿ ನಿಂತಾಗ ನನಗೆ ಹೊಳೆಯಿತು. ಇನ್ನೊಂದು, ಹಳೆಯ ಗೋಡೆಯ ಮೇಲೆ ತುಂಡುತುಂಡಾಗಿ ಉಳಿದಿರುವ ಲ್ಯಾಟಿನ್ ಬರಹ. ಚರ್ಚಿನ ಆರು ತಪ್ಪುಗಳನ್ನು ಕುರಿತ ತಮ್ಮ ಬರಹವನ್ನು ಹುಸ್ ಗೋಡೆಯ ಮೇಲೆಯೇ ಬರೆಸಿದ್ದರು. ಸಾಲು ಪೂರ್ತಿಯಾಗುವುದಿಲ್ಲ, ಗಾರೆ ಉದುರಿದಲ್ಲಿ ಅಕ್ಷರ ಕಡಿದುಹೋಗುತ್ತದೆ. ಆ ಅಕ್ಷರಗಳನ್ನು ಯಾರೂ 1950ರ ದಶಕದಲ್ಲಿ ಹುಟ್ಟಿಸಿದ್ದಲ್ಲ.

ಆ ಕಟ್ಟಡ 1987ರಿಂದ ನಿಮ್ಮ ಮಗಳ ವಿಶ್ವವಿದ್ಯಾಲಯದ ವಶದಲ್ಲಿದೆ. ಪದವಿ ಪ್ರದಾನ ಸಮಾರಂಭಗಳೂ ಅಲ್ಲಿ ನಡೆಯುತ್ತವೆ. ಅವಳ ಹೆಸರು ಕೂಗುವ ದಿನ ನೀವು ಅಲ್ಲಿಗೆ ಹೋಗುವಂತಾದರೆ ಸ್ವಲ್ಪ ಬೇಗ ಹೊರಡಿ, ಬಾವಿಯ ಬಳಿ ಹೋಗಿ ನಿಲ್ಲಿ. ಆಮೇಲೆ ವೇದಿಕೆಯಿಂದ ಚೆಕ್ ಮಾತು ಕೇಳಿಬಂದಾಗ, ಅರ್ಥವಾಗದಿದ್ದರೂ, ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿ. ಹೇಗಿತ್ತೆಂದು ನನಗೆ ಮತ್ತೊಂದು ಪತ್ರ ಬರೆಯಿರಿ.

– ಸಂಪಾದಕ