ಹೊಳೆಯಲ್ಲಿ ಚಿನ್ನ ಹುಡುಕೋಕೆ ವಾಟರ್‌ಪ್ರೂಫ್ ಡಿಟೆಕ್ಟರ್: ಆಯ್ಕೆ ಎಷ್ಟಿದೆ?

ಚಿನ್ನ ಹುಡುಕಲು ನೀರಿಗಿಳಿಸಬಹುದಾದ ಮೆಟಲ್ ಡಿಟೆಕ್ಟರ್‌ಗಳು ಎಷ್ಟಿವೆ, ಕಂಪನಿಗಳ ನಡುವೆ ಪೈಪೋಟಿ ಇದೆಯಾ ಎಂದು ಕೇಳಿದ್ದೀರಿ. ಇದೆ, ಆದರೆ ಒಂದು ಕಡೆ ಮಾತ್ರ ಜೋರಾಗಿದೆ.

ಹೆಚ್ಚಿನ ಡಿಟೆಕ್ಟರ್‌ಗಳಲ್ಲಿ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಮುಳುಗಿದರೆ ಏನೂ ಆಗಲ್ಲ. ನೀರು ಹೋಗಬಾರದ್ದು ಸರ್ಕ್ಯೂಟ್ ಇರುವ ಕಂಟ್ರೋಲ್ ಬಾಕ್ಸ್ ಒಳಗೆ. ಮೊಣಕಾಲುದ್ದದ ನೀರಲ್ಲಿ ಬಂಡೆಯ ಬಿರುಕು ತಡಕುವವರಿಗೆ ಕಾಯಿಲ್ ಮುಳುಗಿದರೆ ಸಾಕು ಅನ್ನಿಸಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದರೆ ಬಾಕ್ಸೂ ನೀರಿಗೇ ಬೀಳುತ್ತೆ ಅಲ್ವಾ? ಅದಕ್ಕೇ ನಾನು ಪೂರ್ತಿ ವಾಟರ್‌ಪ್ರೂಫ್ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ.

ವಿಎಲ್‌ಎಫ್, ಅಂದರೆ ಕಡಿಮೆ ಫ್ರೀಕ್ವೆನ್ಸಿಯ ಅಲೆಯನ್ನು ಬಿಡದೆ ಕಳಿಸುತ್ತಾ ಲೋಹ ಹುಡುಕುವ ಡಿಟೆಕ್ಟರ್‌ಗಳಲ್ಲಿ ಆಯ್ಕೆ ಧಾರಾಳ. ಮೊದಲು ಗ್ಯಾರೆಟ್ ಎಟಿ ಗೋಲ್ಡ್ ಹೆಸರು ಓಡುತ್ತಿತ್ತು, 18 ಕಿಲೋಹರ್ಟ್ಸ್ ಫ್ರೀಕ್ವೆನ್ಸಿ, 3 ಮೀಟರ್ ಆಳದ ನೀರಿಗೆ ಇಳಿಸಬಹುದು. 2018ರಲ್ಲಿ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಬಂದ ಮೇಲೆ ಲೆಕ್ಕವೇ ಬದಲಾಯಿತು. ಒಂದೇ ಮಷಿನ್‌ನಲ್ಲಿ ನಾಣ್ಯ, ಉಂಗುರ, ಚಿನ್ನ ಎಲ್ಲವೂ. ಆಮೇಲೆ ನೋಕ್ಟಾ ಲೆಜೆಂಡ್, ಎಕ್ಸ್‌ಪಿ ಡಿಯುಸ್ 2 ಬಂದವು. ಡಿಯುಸ್ 2 ಅಂತೂ 20 ಮೀಟರ್ ಆಳಕ್ಕೂ ಇಳಿಯುತ್ತದೆ. ಆದರೆ ಇವೆಲ್ಲ ಎಲ್ಲ ಕೆಲಸಕ್ಕೂ ಮಾಡಿದ ಮಷಿನ್‌ಗಳು. ಅಕ್ಕಿಕಾಳಿಗಿಂತ ಸಣ್ಣ ಚಿನ್ನ ಸಿಗಬೇಕಾದರೆ ಫ್ರೀಕ್ವೆನ್ಸಿ ಜಾಸ್ತಿ ಬೇಕು. ಚಿನ್ನಕ್ಕೆಂದೇ ಮಾಡಿದ, ಪೂರ್ತಿ ಮುಳುಗುವ ವಿಎಲ್‌ಎಫ್ ಅಂದರೆ ನನಗೆ ತಟ್ಟನೆ ನೆನಪಾಗುವುದು ನೋಕ್ಟಾ ಗೋಲ್ಡ್ ಕ್ರೂಸರ್: 61 ಕಿಲೋಹರ್ಟ್ಸ್, 5 ಮೀಟರ್. ಸಿಹಿನೀರಿನ ತೊರೆಗೆ ಒಳ್ಳೆಯದು. ಉಪ್ಪುನೀರಲ್ಲಿ ಅಷ್ಟು ಫ್ರೀಕ್ವೆನ್ಸಿ ಸುಮ್ನೆ ಕಿರುಚುತ್ತದೆ, ಯಾಕೆಂದರೆ ಉಪ್ಪುನೀರೇ ವಿದ್ಯುತ್ ಹರಿಸುತ್ತದೆ.

ಪೈಪೋಟಿ ಸೊರಗಿರುವುದು ಪಲ್ಸ್ ಇಂಡಕ್ಷನ್ ಕಡೆ, ಅಂದರೆ ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹ ಹುಡುಕುವ ಡಿಟೆಕ್ಟರ್‌ಗಳಲ್ಲಿ. ಕಬ್ಬಿಣದ ಅಂಶ ತುಂಬಿದ ಕೆಂಪು ನೆಲದಲ್ಲಿ, ಕಪ್ಪು ಮರಳಲ್ಲಿ ವಿಎಲ್‌ಎಫ್ ತಡವರಿಸುತ್ತದೆ, ಅಲ್ಲಿ ಪಲ್ಸ್ ಬೇಕೇ ಬೇಕು. ಮೈನ್‌ಲ್ಯಾಬ್‌ನ ಎಸ್‌ಡಿಸಿ 2300 ಮಡಚಬಹುದು, 3 ಮೀಟರ್ ಮುಳುಗುತ್ತದೆ, ಸಣ್ಣ ಚಿನ್ನವನ್ನೂ ಬಿಡಲ್ಲ. ಅದೇ ಕಂಪನಿಯ ಜಿಪಿಎಕ್ಸ್ 6000 ಆಗಲಿ, ಗ್ಯಾರೆಟ್‌ನ ಆಕ್ಸಿಯಮ್ ಆಗಲಿ ನೆಲದೊಳಗೆ ಇನ್ನೂ ಆಳಕ್ಕೆ ನೋಡುತ್ತವೆ, ಆದರೆ ಅವುಗಳ ಬಾಕ್ಸ್ ಮುಳುಗಿಸುವಂತಿಲ್ಲ. ಎದುರಾಳಿ ಗಟ್ಟಿಯಿಲ್ಲದ ಕಡೆ ಬೆಲೆ ಯಾಕೆ ಇಳಿಯುತ್ತೆ ಹೇಳಿ? ಇನ್ನೊಂದು ಕಂಪನಿ ಇಲ್ಲಿಗೆ ಬರಲಿ ಎಂದು ನನಗಂತೂ ತುಂಬಾ ಆಸೆ.

ಹಾಗಾಗಿ ಎಷ್ಟು ಮೀಟರ್ ಆಳ ಎಂಬುದಕ್ಕಿಂತ ನಿಮ್ಮ ಹೊಳೆಯ ತಳ ಎಂಥದ್ದು ಅಂತ ಮೊದಲು ನೋಡಿ. ಕಪ್ಪು ಮರಳು ಕಡಿಮೆಯಿದ್ದರೆ ವಿಎಲ್‌ಎಫ್ ಸಾಕು, ಪಲ್ಸ್‌ಗೆ ದುಡ್ಡು ಸುರಿಯಬೇಡಿ.

ಇನ್ನೊಂದು, ರೇಡಿಯೋ ಸಿಗ್ನಲ್ ನೀರಲ್ಲಿ ಸಾಗಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮುಳುಗಿದರೆ ಏನೂ ಕೇಳಿಸಲ್ಲ, ವೈರ್ ಇರುವ ವಾಟರ್‌ಪ್ರೂಫ್ ಹೆಡ್‌ಫೋನ್ ಬೇಕು. ಬ್ಯಾಟರಿ ಮುಚ್ಚಳದ ರಬ್ಬರ್ ರಿಂಗನ್ನು ಪ್ರತಿ ಸಲ ಒರೆಸಿಯೇ ಮುಚ್ಚಿ. ಒಂದು ಮರಳ ಕಾಳು ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ.