ಗಡಿಯಾರ ಆಗಲೇ ಹೇಳಿತ್ತು

ಪ್ರಶ್ನೆ: ಹಾಸ್ಟೆಲ್ ದಿನಗಳಲ್ಲಿ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದವನು ನಾನು. ಈಗ ವಯಸ್ಸು 54. ಇವತ್ತಿಗೂ ಹಾಕಿದರೆ ಮೈ ಜುಂ ಅನ್ನುತ್ತದೆ. 'ಅದು ಹಾಡಿನ ಗುಣ ಅಲ್ಲಪ್ಪಾ, ನಿನ್ನ ಹಳೇ ನೆನಪು' ಅಂತಾಳೆ ಮಗಳು. ಅಷ್ಟೇನಾ?
– ಓದುಗರು, ಶಿವಮೊಗ್ಗ

ಉತ್ತರ: ನೆನಪೂ ಇದೆ, ಇಲ್ಲ ಅನ್ನುವುದಿಲ್ಲ. ನನ್ನ ಕ್ಯಾಸೆಟ್ಟಿನ ಟೇಪು ಒಮ್ಮೆ ಪ್ಲೇಯರ್‌ಗೆ ಸಿಕ್ಕಿಕೊಂಡು ಮುದ್ದೆಯಾಗಿತ್ತು. ಕೆಟ್ಟ ಭಾಗ ಕತ್ತರಿಸಿ, ಸೆಲ್ಲೋಟೇಪಿನ ಸಣ್ಣ ಚೂರು ಅಂಟಿಸಿ, ಪೆನ್ಸಿಲ್ ತೂರಿಸಿ ವಾಪಸ್ ಸುತ್ತಿದೆ. 'ಟೈಮ್' ಹಾಡಿನ ಗಿಟಾರ್ ನಡುವೆ ಎರಡು ಸೆಕೆಂಡು ಹೋಯಿತು. ಈಗ ಫೋನಿನಲ್ಲಿ ಪೂರ್ತಿ ಬಂದರೂ, ಆ ಜಾಗಕ್ಕೆ ಬರುತ್ತಲೇ ನನ್ನ ಕಿವಿ ಎಗರಲು ಕಾಯುತ್ತದೆ.

ಆದರೆ ಬರೀ ನೆನಪಾಗಿದ್ದರೆ ಆಗ ಕೇಳಿದ ಎಲ್ಲವೂ ಹೀಗೇ ಹಿಡಿಯಬೇಕಿತ್ತು, ಅಲ್ವಾ? ಅದೇ ಪೆಟ್ಟಿಗೆಯಲ್ಲಿದ್ದ ಮಿಕ್ಕ ಕ್ಯಾಸೆಟ್ಟುಗಳಲ್ಲಿ ಮುಕ್ಕಾಲು ಭಾಗದ ಹೆಸರೂ ನನಗೆ ಬರುತ್ತಿಲ್ಲ.

'ಟೈಮ್' ಶುರುವಾಗುವ ಗಡಿಯಾರಗಳನ್ನೇ ನೋಡಿ. ರೆಕಾರ್ಡಿಂಗ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಯಲ್ಲಿ ಒಂದೊಂದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಅವೆಲ್ಲ ಒಟ್ಟಿಗೆ ಬಾರಿಸಿದಂತೆ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಹೊಂದಿಸಿದರು. ಇಪ್ಪತ್ತರ ವಯಸ್ಸಿನಲ್ಲಿ ನಮಗೆ ಆ ಸದ್ದೇ ಸಾಕಾಗಿತ್ತು. ಮಲಗಿದವರನ್ನು ಎಬ್ಬಿಸಲು ವಾಲ್ಯೂಮ್ ಏರಿಸುತ್ತಿದ್ದೆವು. ಹಾಡಿನ ಮಾತಿನ ಕಡೆ ಯಾರ ಗಮನವೂ ಇರಲಿಲ್ಲ. ನೋಡನೋಡುತ್ತ ಹತ್ತು ವರ್ಷ ಹೋಯಿತು, ಓಟ ಶುರುವಾದದ್ದೇ ತಿಳಿಯಲಿಲ್ಲ ಅನ್ನುತ್ತದೆ ಆ ಹಾಡು. ಆಲ್ಬಮ್ ಬಂದದ್ದು 1973ರಲ್ಲಿ. ಮಾತು ಬರೆದ, ತಂಡದ ರೋಜರ್ ವಾಟರ್ಸ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ನನಗೆ ತಾಗಿದ್ದು ನಲವತ್ತೈದು ದಾಟಿದ ಮೇಲೆ, ಅಪ್ಪ ಹೋದ ನಂತರ ಊರಿನ ಮನೆ ಖಾಲಿ ಮಾಡುವಾಗ. ಅಟ್ಟದಿಂದ ಟ್ರಂಕು ಇಳಿಸುತ್ತಿದ್ದೆ, ಫೋನಿನಲ್ಲಿ ಈ ಹಾಡು ಬಂತು. ಟ್ರಂಕಿನ ಮೇಲೇ ಕೂತುಬಿಟ್ಟೆ.

ಹುಡುಗರಾಗಿದ್ದಾಗ ನಮ್ಮನ್ನು ಸದ್ದು ಹಿಡಿದುಕೊಂಡಿತು. ಮಾತು ಸುಮ್ನೆ ಕಾದಿತ್ತು. ಇದು ಹಳೇ ನೆನಪಿನ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಮಗಳಿಗೆ ಸಂಗೀತದ ಪಾಠ ಆಗಿದ್ದರೆ ಇದೇ ಆಲ್ಬಮ್ಮಿನ 'ಮನಿ' ಕೇಳಿಸಿ. ನಾಣ್ಯ, ಹರಿಯುವ ಕಾಗದ, ಅಂಗಡಿಯ ಗಲ್ಲಾ ಮೆಷಿನ್ನು, ಇವುಗಳ ಸದ್ದಿನ ಟೇಪು ಕತ್ತರಿಸಿ ಜೋಡಿಸಿ ತಾಳ ಕಟ್ಟಿದ್ದಾರೆ. ಎಣಿಕೆ ಏಳು, ನಮ್ಮ ಮಿಶ್ರ ಛಾಪು ತಾಳದ ಹಾಗೆ. ಸ್ಯಾಕ್ಸೊಫೋನ್ ಕೂಡ ಏಳರಲ್ಲೇ ನಡೆಯುತ್ತದೆ. ತಂಡದ ಡೇವಿಡ್ ಗಿಲ್ಮೋರ್ ಗಿಟಾರ್ ಎತ್ತಿಕೊಂಡಾಗ ಮಾತ್ರ ನಾಲ್ಕಕ್ಕೆ ತಿರುಗುತ್ತದೆ. ತೊಡೆ ತಟ್ಟಿಕೊಂಡು ಎಣಿಸಲು ಹೇಳಿ, ಆ ತಿರುವು ಕೈಗೇ ಗೊತ್ತಾಗುತ್ತದೆ.

ಒಂದು ಕೋರಿಕೆ. ಬಿಡಿ ಹಾಡು ಬೇಡ. ಷಫಲ್ ಆಫ್ ಮಾಡಿ, ಆಲ್ಬಮ್ ಶುರುವಿನ ಎದೆಬಡಿತದ ಸದ್ದಿನಿಂದ ಕೊನೆಯ ಎದೆಬಡಿತದವರೆಗೆ, ಹೆಚ್ಚುಕಡಿಮೆ 43 ನಿಮಿಷ, ಇಬ್ಬರೂ ಜೊತೆಗೆ ಕೂತು ಕೇಳಿ. ಅವಳಿಗೆ ಯಾವುದು ಹಿಡಿಸಿತು ಅಂತ ನನಗೆ ಬರೆಯಿರಿ.